ಸುಟ್ಟ ಬಾಟಲಿಗಳ ಕ್ಲೇಮು

ನನ್ನ ಅಣ್ಣ ಕುಡುಕನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಂಬುವವರು ಮುಂದೆ ಓದಿ. ನಂಬದವರೂ ಓದಿ.

ಅವನು ಸತ್ತದ್ದು ಗುಂಡಿಯಲ್ಲಿ. ರಸ್ತೆಯ ನಡುವೆ ಕಬ್ಬಿಣದ ಮುಚ್ಚಳ ಇರುತ್ತದಲ್ಲ, ನೀವು ದಿನಾ ಅದರ ಮೇಲೆ ಕಾಲಿಟ್ಟು ಆಫೀಸಿಗೆ ಹೋಗುತ್ತೀರಲ್ಲ, ಅದರ ಕೆಳಗೆ. ಬೆಳಿಗ್ಗೆ ಹತ್ತಕ್ಕೆ ಮೈಗೆಲ್ಲ ಎಣ್ಣೆ ಬಳಿದುಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಬರಿಯ ಚಡ್ಡಿಯಲ್ಲಿ ಇಳಿದ. ಕಟ್ಟಿಕೊಂಡಿದ್ದ ಹೊಲಸನ್ನು ಬಿದಿರಿನ ಸೀಳಿನಿಂದ ತಿವಿದ. ಕೈಯಿಂದ ಬಾಚಿ ಬಕೆಟ್ಟಿಗೆ ತುಂಬಿದ. ಹದಿನೆಂಟು ಬಕೆಟ್ ಮೇಲೆ ಬಂತು. ಹತ್ತೊಂಬತ್ತನೆಯದು ಬರಲಿಲ್ಲ. ಮೇಲಿದ್ದವರು ಕೂಗಿದರು. ಉತ್ತರವಿಲ್ಲ. ಹಗ್ಗ ಎಳೆದರು. ಅಣ್ಣ ಬಂದ. ಅವನ ಬಾಯಿ, ಮೂಗು, ಕಿವಿ ಎಲ್ಲ ಊರಿನವರ ಮಲ. ಅತ್ತಿಗೆ ಓಡಿ ಬಂದು ಎದುರಿನ ಅಂಗಡಿಯವನನ್ನು ನೀರು ಕೇಳಿದಳು. ಅವನು ಒಂದು ಚೊಂಬು ನೀರನ್ನು ಹತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲಿಟ್ಟು, ಚೊಂಬು ವಾಪಸ್ ಬೇಡ ಎಂದು ಹೇಳಿ ಒಳಗೆ ಹೋದ.

ಮೂರು ತಿಂಗಳಿಗೆ ವಿಮಾ ಕಂಪನಿಯ ಕಾಗದ ಬಂತು. ಗುಂಡಿಗೆ ಇಳಿಯುವವರಿಗೆಲ್ಲ ಗುತ್ತಿಗೆದಾರ ಸೇರಿಸಿ ಒಂದು ಪಾಲಿಸಿ ಮಾಡಿಸಿರುತ್ತಾನೆ. ಕೆಲಸದಲ್ಲಿ ಸತ್ತರೆ ಮನೆಯವರಿಗೆ ಆರು ಲಕ್ಷ. ಅತ್ತಿಗೆಗೆ ಓದಲು ಬರುವುದಿಲ್ಲ. ನಾನೇ ಓದಿದೆ. ಒಂದೇ ಒಂದು ವಾಕ್ಯ ಇತ್ತು: 'ಮೃತನ ದೇಹದಲ್ಲಿ ಮದ್ಯದ ಅಂಶ ಕಂಡುಬಂದಿರುವುದರಿಂದ, ಪಾಲಿಸಿಯ ಒಂಬತ್ತನೇ ಷರತ್ತಿನ ಪ್ರಕಾರ ಕ್ಲೇಮನ್ನು ತಿರಸ್ಕರಿಸಲಾಗಿದೆ.'

"ಹಂಗಂದ್ರೆ?" ಎಂದಳು ಅತ್ತಿಗೆ.

"ದುಡ್ಡು ಕೊಡಲ್ಲ ಅಂತ."

"ದುಡ್ಡಿನ ಮನೆ ಹಾಳಾಗ್ಲಿ. ಅದಕ್ಕೆ ಮುಂಚೆ ಏನೋ ಓದಿದ್ಯಲ್ಲ, ಅದೇನು?"

"ಕುಡಿದು ಸತ್ತ ಅಂತ ಬರ್ದಿದಾರೆ ಅತ್ತಿಗೆ."

ಅವಳು ಅಳಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಒಂಬತ್ತು ವರ್ಷದ ಮಗಳು ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿತ್ತು. ಶಾಲೆಯಲ್ಲಿ ಆಗಲೇ ಅದಕ್ಕೆ 'ಕುಡುಕನ ಮಗಳು' ಎಂದು ಹೆಸರು ಬಿದ್ದಿತ್ತು. ಗುತ್ತಿಗೆದಾರನ ಕಡೆಯವರು ಊರೆಲ್ಲ ಹಾಗೇ ಹೇಳಿಕೊಂಡು ಬಂದಿದ್ದರು.

"ನೀನು ಓದಿದೋಳು. ಈ ಮಾತು ತೆಗಿಸು. ದುಡ್ಡು ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ. ಆದ್ರೆ ಈ ಮಾತು ಕಾಗದದ ಮೇಲೆ ಇರಬಾರ್ದು ಕಣೇ."

ಹೌದು, ನಾನು ಓದಿದವಳು. ಓದಿಸಿದವನು ಅವನೇ. ಲೆಕ್ಕಪರಿಶೋಧನೆಯ ಪರೀಕ್ಷೆಗೆ ಎಷ್ಟು ಸಲ ಫೀಸು ಕಟ್ಟಿದನೋ ಅಷ್ಟು ಸಲ ಹೆಚ್ಚುವರಿ ಗುಂಡಿಗೆ ಇಳಿದ. ಎರಡು ಸಲ ಫೇಲಾದೆ. "ಇನ್ನೊಂದು ಸಲ ಕಟ್ಟು, ನಮ್ಮೂರಲ್ಲಿ ಗುಂಡಿಗೇನು ಬರಗಾಲವಾ?" ಎಂದು ನಗುತ್ತಿದ್ದ. ಮೂರನೇ ಸಲ ಪಾಸಾದೆ. ಮೊದಲು ಸೇರಿದ ಆಡಿಟ್ ಕಚೇರಿಯ ಯಜಮಾನರಿಗೆ ನನ್ನ ಮನೆಯ ವಿಳಾಸ ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. ಬ್ಯಾಂಕು, ಗಿರಣಿ, ಬಟ್ಟೆ ಅಂಗಡಿಗಳ ಲೆಕ್ಕಕ್ಕೆ ಬೇರೆಯವರು ಹೋಗುತ್ತಿದ್ದರು. ಒಳಚರಂಡಿ ವಿಭಾಗದ ಲೆಕ್ಕ ಬಂದಾಗ ಮಾತ್ರ ನನ್ನನ್ನು ಕರೆಯುತ್ತಿದ್ದರು. "ನಿನಗೆ ಅಭ್ಯಾಸ ಇರುತ್ತಲ್ಲಮ್ಮ" ಎನ್ನುತ್ತಿದ್ದರು. ಬಹಳ ಒಳ್ಳೆಯ ಮನುಷ್ಯ, ಸಂಬಳ ಒಂದನೇ ತಾರೀಖಿಗೇ ಕೊಡುತ್ತಿದ್ದರು! ನಾಲ್ಕು ವರ್ಷ ಹಲ್ಲು ಕಚ್ಚಿಕೊಂಡು ಆ ಲೆಕ್ಕ ನೋಡಿದೆ. ಪೈಪು, ಸಿಮೆಂಟು, ಹಗ್ಗ, ಡೀಸೆಲ್, ಎಲ್ಲಕ್ಕೂ ಅಲ್ಲಿ ಖಾತೆ ಇತ್ತು. ಸತ್ತವರಿಗೆ ಒಂದು ಖಾತೆ ಇರಲಿಲ್ಲ.

ಅಣ್ಣ ಸತ್ತ ಮೇಲೆ ಸರ್ಕಾರಿ ಪರೀಕ್ಷೆ ಬರೆದು ವಿಮಾ ನಿಯಂತ್ರಣ ಕಚೇರಿಗೆ ಸೇರಿದೆ. ವಿಮಾ ಕಂಪನಿಗಳು ಜನರಿಗೆ ಕೊಡಬೇಕಾದ್ದನ್ನು ಕೊಡುತ್ತಿವೆಯೋ ಇಲ್ಲವೋ ಎಂದು ಹೋಗಿ ತಪಾಸಣೆ ಮಾಡುವ ಕಚೇರಿ ಅದು. ಹುದ್ದೆ ಇನ್‌ಸ್ಪೆಕ್ಟರ್. ಸಂಜೆಯ ಹೊತ್ತು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಸಂಶೋಧನೆಗೂ ಹೆಸರು ಹಚ್ಚಿದೆ. ಗುಂಡಿ ಕೆಲಸದಲ್ಲಿ ಸತ್ತವರ ಮನೆಗಳು ಆಮೇಲೆ ಏನಾಗುತ್ತವೆ ಎನ್ನುವುದು ನನ್ನ ವಿಷಯ. ಮಾರ್ಗದರ್ಶಕಿ ಮೇಡಂ ಮೊದಲ ದಿನವೇ ಬುದ್ಧಿ ಹೇಳಿದರು.

"ಸಂಶೋಧಕಿ ಸ್ವಲ್ಪ ದೂರ ನಿಂತು ನೋಡೋದನ್ನ ಕಲೀಬೇಕು."

"ಎಷ್ಟು ದೂರ ಮೇಡಂ? ನಮ್ಮನೆ ಇರೋದೇ ಆ ಬೀದೀಲಿ."

ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಮೂರು ವರ್ಷದಲ್ಲಿ ಅರವತ್ತು ಮನೆ ಹತ್ತಿ ಇಳಿದೆ. ಪ್ರಶ್ನಾವಳಿ ಹಿಡಿದುಕೊಂಡು ಕೂತರೆ ಹೆಂಗಸರು ಮೊದಲು ನನಗೆ ಊಟ ಆಯಿತಾ ಎಂದು ಕೇಳುತ್ತಿದ್ದರು. ಕುಡಿತದ ಮಾತು ಬಂದಾಗ ಎಲ್ಲರೂ ಒಂದೇ ಹೇಳಿದರು. ಮುಚ್ಚಳ ತೆಗೆಯುವ ಮುಂಚೆ ಮೇಸ್ತ್ರಿಯೇ ತಲೆಗೊಂದು ಕ್ವಾರ್ಟರ್ ಬಾಟಲಿ ಹಂಚುತ್ತಾನೆ. ಬೇಡ ಎಂದರೆ ಆ ದಿನ ಕೆಲಸವಿಲ್ಲ. ಒಬ್ಬ ಮುದುಕಿ ನನ್ನನ್ನೇ ಗದರಿಸಿದಳು: "ಏನೇ ಹುಡುಗಿ, ಕುಡೀದೆ ಅದರೊಳಗೆ ಇಳಿಯೋಕಾಗುತ್ತಾ? ನೀನು ಒಂದ್ಸಲ ಮುಚ್ಚಳ ತೆಗೆದು ಬಗ್ಗಿ ನೋಡು. ಆಮೇಲೆ ಬಂದು ಈ ಪ್ರಶ್ನೆ ಕೇಳು." ಅತ್ತಿಗೆ ಹೇಳಿದ್ದೂ ಅದೇ. ಅಣ್ಣ ಬೇರೆ ದಿನ ಒಂದು ತೊಟ್ಟು ಮುಟ್ಟಿದವನಲ್ಲ. ಗುಂಡಿಯ ದಿನ ಕುಡಿದು ಬಂದರೆ ನಾಚಿಕೆಯಿಂದ ಹೊರಗೇ ಕೂತು, ವಾಸನೆ ಹೋಗುವ ತನಕ ಮಗಳ ಹತ್ತಿರ ಬರುತ್ತಿರಲಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ? ಹೆಂಗಸರ ಬಾಯಿಮಾತು. ಕಚೇರಿಯಲ್ಲಿ ಹೇಳಿದರೆ ವೋಚರ್ ಎಲ್ಲಿ ಎನ್ನುತ್ತಾರೆ.

ಆಗ ಆ ಕಂಪನಿಯ ತಪಾಸಣೆ ಬಂತು. ಅದೇ ಕಂಪನಿ. ಹದಿನೈದು ದಿನದ ಕೆಲಸ. ನಮ್ಮದು ಮೂವರ ತಂಡ. ತಂಡದ ಮುಖ್ಯಸ್ಥರು, ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಇನ್ನೊಬ್ಬರು ದಪ್ಪ ಗಾಜಿನ ಕನ್ನಡಕದವರು, ನಿವೃತ್ತಿಗೆ ಮೂರು ತಿಂಗಳಿತ್ತು. ಮೂರನೆಯವಳು ನಾನು. ಹೊರಡುವ ಮುಂಚೆ ಪ್ರತಿಯೊಬ್ಬರೂ ಒಂದು ಫಾರಂ ತುಂಬಬೇಕು. ಅದರ ಏಳನೇ ಕಲಂನಲ್ಲಿ, ಆ ಕಂಪನಿಯಲ್ಲಿ ನಿಮಗೋ ನಿಮ್ಮ ಸಂಬಂಧಿಕರಿಗೋ ಏನಾದರೂ ಹಿತಾಸಕ್ತಿ ಇದೆಯೇ ಎಂದು ಕೇಳಿರುತ್ತದೆ. ಎಲ್ಲರೂ ಕಣ್ಣು ಮುಚ್ಚಿಕೊಂಡು 'ಇಲ್ಲ' ಎಂದು ಬರೆಯುತ್ತಾರೆ. ನಾನು ಹೀಗೆ ಬರೆದೆ: 'ಇದೆ. ನನ್ನ ಅಣ್ಣನ ಸಾವಿನ ಕ್ಲೇಮನ್ನು ಈ ಕಂಪನಿ ತಿರಸ್ಕರಿಸಿದೆ. ಆ ಒಂದು ಫೈಲನ್ನು ನಾನು ಮುಟ್ಟುವುದಿಲ್ಲ.' ಸಾಹೇಬರು ಫೋನಿನಲ್ಲಿ ಯಾರದೋ ಸೈಟಿನ ವಿಷಯ ಮಾತಾಡುತ್ತಲೇ ಕೆಳಗೆ ರುಜು ಮಾಡಿ ಸೀಲು ಒತ್ತಿದರು.

ಕಂಪನಿಯವರು ನಮಗೆ ಆರನೇ ಮಹಡಿಯಲ್ಲಿ ಒಂದು ಕೋಣೆ ಕೊಟ್ಟರು. ತಣ್ಣನೆಯ ಗಾಳಿ, ಗಳಿಗೆಗೊಮ್ಮೆ ಟೀ. ಕ್ಲೇಮ್ ಮ್ಯಾನೇಜರ್ ದಿನಾ ಬಂದು ವಿಚಾರಿಸಿಕೊಳ್ಳುತ್ತಿದ್ದರು. ಇಸ್ತ್ರಿ ಕೆಡದ ಮನುಷ್ಯ. ತಿರಸ್ಕರಿಸಿದ ಸಾವಿನ ಕ್ಲೇಮುಗಳು ನನ್ನ ಪಾಲಿಗೆ ಬಂದವು. ಅಣ್ಣನನ್ನು ಇಳಿಸಿದ ಆ ಒಬ್ಬ ಗುತ್ತಿಗೆದಾರನ ಕೆಲಸಗಾರರದ್ದೇ ಆರು ವರ್ಷದಲ್ಲಿ ಇಪ್ಪತ್ತಮೂರು. ಇಪ್ಪತ್ತಮೂರರಲ್ಲೂ ಅದೇ ವಾಕ್ಯ. ಒಂದು ಅಕ್ಷರ ಆಚೆ ಈಚೆ ಇಲ್ಲ. ಕೆಳಗೆ ಅದೇ ಮ್ಯಾನೇಜರ್ ರುಜು.

ಅಣ್ಣನ ಫೈಲನ್ನು ಬೇರೆ ಎತ್ತಿಟ್ಟು ಕನ್ನಡಕದವರ ಮುಂದೆ ಸರಿಸಿದೆ. ಅವರು ಹತ್ತು ನಿಮಿಷ ನೋಡಿದರು. 'ನಿಯಮದಂತೆ ಸರಿಯಾಗಿದೆ' ಎಂದು ಷರಾ ಬರೆದರು.

"ಸರಿ ಅಂತ ಬರದ್ರಾ ಸಾರ್?"

"ಷರತ್ತು ಇದೆ, ರಿಪೋರ್ಟ್ ಇದೆ. ನಾನೇನಮ್ಮ ಮಾಡ್ಲಿ? ಮೂರು ತಿಂಗಳು ಇದೆ ನನಗೆ. ಪೆನ್ಷನ್ ಬರ್ಬೇಕು. ನನ್ನನ್ನ ಸಿಕ್ಕಿಸ್ಬೇಡ ತಾಯಿ."

ಮೇಜಿನ ಆ ತುದಿಯಲ್ಲಿ ಅಣ್ಣ, ಈ ತುದಿಯಲ್ಲಿ ನಾನು. ಎದ್ದು ಕಿತ್ತುಕೊಳ್ಳಬೇಕು ಎನ್ನಿಸಿತು. ಕಿತ್ತುಕೊಂಡಿದ್ದರೆ ಅವರಿಗೆ ಅಷ್ಟೇ ಸಾಕಾಗಿತ್ತು, ಇಡೀ ತಪಾಸಣೆಯಿಂದ ನನ್ನನ್ನು ಎತ್ತಿ ಹೊರಗೆ ಹಾಕುತ್ತಿದ್ದರು. ಕೂತೆ. ಉಳಿದ ಇಪ್ಪತ್ತೆರಡನ್ನು ಒಂದೊಂದೇ ಪುಟ ತಿರುವಿದೆ.

ಎಂಟನೇ ದಿನ ಬೆಂಕಿಯ ಫೈಲು ಸಿಕ್ಕಿತು. ಮಂಜೂರಾದ ಕ್ಲೇಮುಗಳನ್ನೆಲ್ಲ ನೋಡುವುದು ಆಗದ ಕೆಲಸ, ಐವತ್ತಕ್ಕೊಂದು ಎಳೆದು ನೋಡುತ್ತೇವೆ. ಹಾಗೆ ಎಳೆದದ್ದರಲ್ಲಿ ಅದೇ ಗುತ್ತಿಗೆದಾರನ ಹೆಸರು ಕಂಡಿತು. ಎರಡು ವರ್ಷದ ಹಿಂದೆ ಅವನ ಗೋದಾಮು ಸುಟ್ಟಿತ್ತು. ಒಳಗಿದ್ದ ಸಾಮಾನಿಗೆ ಇದೇ ಕಂಪನಿ ಪೂರಾ ಪರಿಹಾರ ಕೊಟ್ಟಿತ್ತು. ಸುಟ್ಟ ಸಾಮಾನಿನ ಪಟ್ಟಿ ನೋಡಿದೆ. ಹಗ್ಗ ಮೂವತ್ತು ಸುತ್ತು. ಬಕೆಟ್ ಅರವತ್ತು. ಬಿದಿರಿನ ಸೀಳು ಎಂಟು ಕಟ್ಟು. ಮದ್ಯ, ಕ್ವಾರ್ಟರ್ ಬಾಟಲಿ, ಇಪ್ಪತ್ತನಾಲ್ಕು ಪೆಟ್ಟಿಗೆ, ಒಟ್ಟು ಸಾವಿರದ ನೂರ ಐವತ್ತೆರಡು.

ಪಟ್ಟಿಯನ್ನು ಮೂರು ಸಲ ಓದಿದೆ. ಮುಖಕ್ಕೆ ಹಾಕುವ ಮಾಸ್ಕು ಇರಲಿಲ್ಲ. ಗಾಳಿಯ ಸಿಲಿಂಡರ್ ಇರಲಿಲ್ಲ. ಒಂದು ಜೊತೆ ಬೂಟು ಇರಲಿಲ್ಲ.

ನಷ್ಟ ಅಳೆಯಲು ಬಂದ ಸರ್ವೇಯರ್ ಅನುಮಾನ ಬಂದು ಕೇಳಿದ್ದಾನೆ: ಮದ್ಯ ನಿಮ್ಮ ವ್ಯವಹಾರದ ಸಾಮಗ್ರಿ ಹೇಗಾಗುತ್ತದೆ? ಗುತ್ತಿಗೆದಾರ ಸುಮ್ಮನೆ ಆ ಬಾಟಲಿಗಳನ್ನು ಬಿಟ್ಟುಕೊಟ್ಟಿದ್ದರೆ ನನ್ನ ಕೈಗೆ ಏನೂ ಸಿಗುತ್ತಿರಲಿಲ್ಲ. ಆದರೆ ದುರಾಸೆ, ಬಿಡುತ್ತದೆಯೇ? ಬಿಲ್ಲುಗಳನ್ನೆಲ್ಲ ಲಗತ್ತಿಸಿ, ತನ್ನ ಲೆಟರ್‌ಹೆಡ್ಡಿನಲ್ಲಿ ಉತ್ತರ ಕೊಟ್ಟಿದ್ದಾನೆ: 'ಇದನ್ನು ಕುಡಿಯದೆ ಯಾವ ಕೆಲಸಗಾರನೂ ಗುಂಡಿಗೆ ಇಳಿಯುವುದಿಲ್ಲ. ಪ್ರತಿ ಆಳಿಗೆ, ಪ್ರತಿ ಸಲ ಇಳಿಯುವಾಗ ಒಂದು ಬಾಟಲಿಯಂತೆ ನಾವೇ ಒದಗಿಸುತ್ತೇವೆ. ಹಗ್ಗ, ಬಕೆಟ್ಟಿನಂತೆ ಇದೂ ಕೆಲಸಕ್ಕೆ ಅತ್ಯಗತ್ಯ ಸಾಮಗ್ರಿ.' ಪಕ್ಕದಲ್ಲಿ ಷರಾ: 'ಒಪ್ಪಿದೆ. ಪೂರ್ಣ ಮೊತ್ತ ಪಾವತಿಸಿ.' ಕೆಳಗೆ ಕ್ಲೇಮ್ ಮ್ಯಾನೇಜರ್ ರುಜು. ಅದೇ ರುಜು, ಅದೇ ಬಾಲ.

ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಗೋಡೆಗೆ ಎರಡೂ ಕೈಯಿಂದ ಗುದ್ದಿದೆ. ಅಮ್ಮಾ, ಎಂಥ ಜನ ಇವರು! ಬಾಟಲಿ ಸುಟ್ಟರೆ ದುಡ್ಡು. ಅದನ್ನು ಕುಡಿದು ಸತ್ತರೆ ಕುಡುಕ.

ಬೆಂಕಿಯ ಫೈಲನ್ನೂ ಇಪ್ಪತ್ತೆರಡರಲ್ಲಿ ಒಂದನ್ನೂ ಹಿಡಿದು ಸಾಹೇಬರ ಮುಂದೆ ನಿಂತೆ. ಓದಿದರು. ಮತ್ತೊಮ್ಮೆ ಓದಿದರು. ಬುದ್ಧಿವಂತರು, ತಟ್ಟನೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಮುಖ ಗಂಟು ಹಾಕಿಕೊಂಡರು.

"ಇದು ಬೆಂಕಿ ವಿಭಾಗ, ಅದು ಅಪಘಾತ ವಿಭಾಗ. ಒಂದಕ್ಕೊಂದು ಗಂಟು ಹಾಕೋ ಹಾಗಿಲ್ಲ."

"ರುಜು ಒಂದೇ ಇದೆ ಸಾರ್."

"ದಿನಕ್ಕೆ ಇನ್ನೂರು ರುಜು ಹಾಕ್ತಾರಮ್ಮ ಅವರು. ಓದ್ತಾ ಕೂರೋಕಾಗುತ್ತಾ? ನೋಡು, ನೀನು ಇಲ್ಲಿಗೆ ಬಂದಿರೋದು ಇನ್‌ಸ್ಪೆಕ್ಷನ್ ಮಾಡೋಕೆ. ನಿನ್ನ ಸಮಾಜಶಾಸ್ತ್ರ ಎಲ್ಲ ಸಂಜೆ ಕಾಲೇಜಲ್ಲಿ ಇಟ್ಕೋ."

"ಇದರಲ್ಲಿ ಸಮಾಜಶಾಸ್ತ್ರ ಎಲ್ಲಿದೆ ಸಾರ್? ಬಿಲ್ಲು, ವೋಚರು, ಪತ್ರ. ಎಲ್ಲ ಲೆಕ್ಕಾನೇ."

ಅವರು ದನಿ ತಗ್ಗಿಸಿದರು. "ನಿಮ್ಮಣ್ಣ ಇದರಲ್ಲಿ ಇದಾನಂತೆ. ಕನ್ನಡಕದವರು ಹೇಳಿದ್ರು. ನನ್ನ ಹತ್ರ ಮುಚ್ಚಿಟ್ಟೆ. ಇದು ಎಂಥಾ ಅಪರಾಧ ಗೊತ್ತಾ?"

"ಏಳನೇ ಕಲಂ ನೋಡಿ ಸಾರ್. ಬರ್ದಿದೀನಿ. ಕೆಳಗೆ ನಿಮ್ಮ ಸೀಲಿದೆ."

ಡ್ರಾಯರ್ ತೆಗೆದು ಫಾರಂ ಹುಡುಕಿ ಓದಿದರು. ಕಿವಿ ಕೆಂಪಾಯಿತು. ಸಿಟ್ಟು ಈಗ ನಿಜವಾಗಿ ಬಂತು.

"ಆದ್ರೂ ನೀನು ಆ ಗುಂಡಿಗೆ ಸಂಬಂಧಪಟ್ಟೋಳು! ನಿನಗೆ ನಿಷ್ಪಕ್ಷಪಾತ ಎಲ್ಲಿಂದ ಬರುತ್ತೆ?"

"ಸಾರ್, ಈ ಊರಲ್ಲಿ ಕಕ್ಕಸಿಗೆ ಹೋಗೋರೆಲ್ಲಾ ಆ ಗುಂಡಿಗೆ ಸಂಬಂಧಪಟ್ಟೋರೇ. ನೀವು ಏಳನೇ ಕಲಂನಲ್ಲಿ ಏನು ಬರದ್ರಿ?"

ಮಾತು ಬಾಯಿಂದ ಹೊರಗೆ ಬಿದ್ದಿತ್ತು. ವಾಪಸ್ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ. ಸಾಹೇಬರು ಬಾಗಿಲ ಕಡೆ ಕೈ ತೋರಿಸಿದರು.

ಮಾರನೆಯ ದಿನ ಕ್ಲೇಮ್ ಮ್ಯಾನೇಜರ್ ನನ್ನನ್ನು ಲಿಫ್ಟಿನ ಹತ್ತಿರ ತಡೆದರು. ತಂಗಿ ಎಂದರು. ಹತ್ತು ದಿನದಲ್ಲಿ ನಾನು ತಂಗಿಯಾದದ್ದು ಅದೇ ಮೊದಲು.

"ನಿಮ್ಮ ಅತ್ತಿಗೆಯವರ ಕೇಸು ನೋಡಿ ನನಗೆ ಹೊಟ್ಟೇಲಿ ಸಂಕಟ ಆಯ್ತು. ನಮಗೂ ಮನುಷ್ಯತ್ವ ಇದೆ. ಆರು ಲಕ್ಷ ಪೂರ್ತಿ ಕೊಡ್ತೀವಿ, ಈ ವಾರದಲ್ಲೇ. ಕಾಗದ ರೆಡಿ ಇದೆ. ವರದಿ ಸಾಹೇಬರು ಹೇಳ್ದಂಗೆ ಮುಗಿಸಿಬಿಡಿ."

ಕಾಗದ ಕೊಟ್ಟರು. ಸಂಜೆ ಅತ್ತಿಗೆಯ ಮನೆಗೆ ಹೋದೆ. ಅವಳು ಆಗ ತಾನೇ ಆಸ್ಪತ್ರೆಯ ನೆಲ ಒರೆಸುವ ಕೆಲಸ ಮುಗಿಸಿ ಬಂದಿದ್ದಳು. ಅಣ್ಣ ಸತ್ತ ಮೇಲೆ ಹಿಡಿದ ಕೆಲಸ. ಫಿನಾಯಿಲಿಗೆ ಬೆರಳ ಸಂದಿಗಳು ಒಡೆದು ಬಿಳಿಚಿಕೊಂಡಿದ್ದವು. ಮೂರು ತಿಂಗಳ ಬಾಡಿಗೆ ನಿಂತಿತ್ತು. ಇದನ್ನೆಲ್ಲ ನೋಡಿಕೊಂಡು ಕಾಗದವನ್ನು ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಇದು ನನ್ನ ಶೌರ್ಯ ತೋರಿಸುವ ದುಡ್ಡಲ್ಲ, ಅವಳ ದುಡ್ಡು.

"ಆರು ಲಕ್ಷಾನಾ?" ಎಂದು ಅವಳು ಗೋಡೆಗೆ ಒರಗಿ ಕೂತಳು. ಅವಳಿಗೆ ಆಸೆಯಾಯಿತು, ನನಗೆ ಕಾಣಿಸಿತು. ಆಗಬೇಕಾದದ್ದೇ. "ಉಳಿದೋರಿಗೆ?" ಎಂದಳು ಆಮೇಲೆ.

"ಉಳಿದೋರಿಗೆ ಇಲ್ಲ."

"ಕಾಗದ ಓದು."

"'ಮೃತನು ಮದ್ಯ ಸೇವಿಸಿದ್ದರೂ ಮಾನವೀಯ ದೃಷ್ಟಿಯಿಂದ...'"

"ನಿಲ್ಸು." ಅವಳು ಎದ್ದು ನಿಂತಳು. "ಆ ಮಾತು ಅಲ್ಲೇ ಕೂತಿದೆಯಲ್ಲೇ! ತೆಗೀಲಿಲ್ವಾ?"

"ಇಲ್ಲ. ಅದಕ್ಕೆ ನೀನು ಹೆಬ್ಬೆಟ್ಟು ಒತ್ತಬೇಕು."

"ಅಂದ್ರೆ ನಾನೇ ಹೌದು, ನನ್ನ ಗಂಡ ಕುಡುಕ ಅಂತ ಒತ್ತಬೇಕು. ಅವರು ಅಯ್ಯೋ ಪಾಪ ಅಂತ ಕೊಡ್ತಾರೆ." ಒಡೆದ ಬೆರಳುಗಳಿಂದ ಕಾಗದವನ್ನು ಹಿಡಿದು ನೋಡಿದಳು. "ಯಾರಪ್ಪನ ಮನೆ ದಾನ ಇದು? ನನ್ನ ಗಂಡನ ಜೀವ ಹೋಗಿರೋದು. ಭಿಕ್ಷೆ ಬೇಡ ಅಂತ ಹೇಳು. ಅಲ್ಲ, ನೀನು ಹೇಳ್ಬೇಡ. ನಾನೇ ಬಂದು ಹೇಳ್ತೀನಿ. ಅಲ್ಲಿಗೆ ಬರೋ ದಾರಿ ಇದೆಯಾ?"

ದಾರಿ ಇತ್ತು. ತಪಾಸಣೆಯ ನಿಯಮದ ಪುಸ್ತಕದಲ್ಲಿ ಮೂವತ್ತೊಂದನೇ ನಿಯಮ. ಕೊನೆಯ ದಿನ ಕಂಪನಿಯವರೂ ನಾವೂ ಕೂತು ಮುಕ್ತಾಯ ಸಭೆ ನಡೆಸುತ್ತೇವೆ. ಪಾಲಿಸಿಗೆ ಸಂಬಂಧಪಟ್ಟ ಮನೆಯವರು ಯಾರಾದರೂ ಸರಿ, ಆ ಸಭೆಗೆ ಬಂದು ಹೇಳಿಕೆ ಕೊಡಬಹುದು. ತಂಡದ ಯಾವ ಇನ್‌ಸ್ಪೆಕ್ಟರ್ ಬೇಕಾದರೂ ಅದನ್ನು ಬರೆದುಕೊಳ್ಳಬಹುದು. ಒಮ್ಮೆ ಬರೆದುಕೊಂಡ ಹೇಳಿಕೆಯನ್ನು ವರದಿಯಿಂದ ಮೇಲಧಿಕಾರಿಯೂ ಕಿತ್ತು ಹಾಕುವಂತಿಲ್ಲ. ಅಚ್ಚಾದ ಪುಸ್ತಕ, ಯಾರು ಬೇಕಾದರೂ ಓದಬಹುದು. ಇಷ್ಟು ವರ್ಷದಲ್ಲಿ ಒಬ್ಬರೂ ಬಂದಿರಲಿಲ್ಲ. ಅಂಥ ನಿಯಮ ಇದೆ ಎಂದು ನಮ್ಮ ಬೀದಿಗೆ ಬಂದು ಯಾರು ಹೇಳಬೇಕಿತ್ತು? ಬೆಂಕಿಯ ಫೈಲಿನ ವಿಷಯ ನಾನು ಅತ್ತಿಗೆಗೆ ಬಾಯಿಬಿಡಲಿಲ್ಲ, ಬಿಡುವ ಹಾಗಿರಲಿಲ್ಲ. ಮೂವತ್ತೊಂದನೇ ನಿಯಮ ಮಾತ್ರ ಓದಿ ಹೇಳಿದೆ.

"ಆದ್ರೆ ನಿನ್ನ ಹೇಳಿಕೆ ನಾನು ಬರೆಯೋ ಹಾಗಿಲ್ಲ ಅತ್ತಿಗೆ. ನೀನು ನನ್ನ ಸಂಬಂಧಿ. ಕನ್ನಡಕದವರು ಬರೀಬೇಕು. ಅವರು ಬರೆಯೋದು ಅನುಮಾನ."

"ಬರೀದಿದ್ರೆ ಬಿಡ್ಲಿ. ಉಳಿದೋರದ್ದು ನೀನು ಬರೀಬಹುದಲ್ಲ?"

"ಬರೀಬಹುದು."

"ಹಂಗಾದ್ರೆ ಸಾಕು ಬಿಡು," ಎಂದು ಅವಳು ಚಪ್ಪಲಿ ಮೆಟ್ಟಿದಳು. ಅಂದು ಸಂಜೆಯಿಂದಲೇ ಒಂದೊಂದು ಮನೆಯ ಬಾಗಿಲು ತಟ್ಟಿದಳು.

ಮುಕ್ತಾಯ ಸಭೆ ಮಧ್ಯಾಹ್ನ ಮೂರಕ್ಕೆ. ಉದ್ದನೆಯ ಮೇಜು, ಚರ್ಮದ ಕುರ್ಚಿಗಳು, ಗಾಜಿನ ಲೋಟದಲ್ಲಿ ನೀರು. ಸಾಹೇಬರು ತಾವೇ ತಿದ್ದಿದ ವರದಿಯನ್ನು ನನ್ನ ಮುಂದಿಟ್ಟರು. 'ಸಾವಿನ ಕ್ಲೇಮುಗಳ ವಿಲೇವಾರಿ ತೃಪ್ತಿಕರವಾಗಿದೆ' ಎಂದಿತ್ತು. ಕೆಳಗೆ ಮೂರು ರುಜುವಿಗೆ ಜಾಗ. ಎರಡು ಆಗಿದ್ದವು. ಮೂರನೆಯದೂ ಬೀಳದೆ ಸಭೆ ಮುಗಿದಂತಾಗುವುದಿಲ್ಲ.

"ರುಜು ಮಾಡಮ್ಮ, ಟೀ ಬರ್ತಿದೆ," ಎಂದರು ಸಾಹೇಬರು.

"ಮೂವತ್ತೊಂದನೇ ನಿಯಮದ ಕೆಳಗೆ ಮನೆಯವರು ಬಂದಿದಾರೆ ಸಾರ್," ಎಂದು ಬಾಗಿಲು ತೆಗೆದೆ.

ಅತ್ತಿಗೆ ಒಳಗೆ ಬಂದಳು. ಆಸ್ಪತ್ರೆಯ ಕೆಲಸದ ಬಟ್ಟೆಯಲ್ಲೇ ಇದ್ದಳು. ಅವಳ ಹಿಂದೆ ಕಾರಿಡಾರಿನಲ್ಲಿ ಗೋಡೆಯುದ್ದಕ್ಕೂ ಹೆಂಗಸರು ನಿಂತಿದ್ದರು. ಮ್ಯಾನೇಜರ್ ಅರ್ಧ ಎದ್ದರು, ಅರ್ಧಕ್ಕೇ ಕೂತರು.

"ಮೊದಲು ಒಂದು ದಾಖಲೆ ಓದಬೇಕು," ಎಂದು ನಾನು ಬೆಂಕಿಯ ಫೈಲನ್ನು ಮ್ಯಾನೇಜರ್ ಮುಂದೆ ತೆರೆದಿಟ್ಟೆ. "ನಿಮ್ಮ ರುಜು ಇರೋ ಪುಟ. ನೀವೇ ಗಟ್ಟಿಯಾಗಿ ಓದಿ ಸಾರ್."

"ಇದಕ್ಕೂ ಅದಕ್ಕೂ..."

"ಓದಿ ಸಾರ್. ಮುಕ್ತಾಯ ಸಭೇಲಿ ದಾಖಲೆ ಓದಿ ಅಂದ್ರೆ ಓದಬೇಕು. ನಿಯಮ ಇದೆ."

ಅವರು ಸಾಹೇಬರ ಮುಖ ನೋಡಿದರು. ಸಾಹೇಬರು ಲೋಟ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಮ್ಯಾನೇಜರ್ ಓದಿದರು. ಕುಡಿಯದೆ ಯಾವ ಕೆಲಸಗಾರನೂ ಇಳಿಯುವುದಿಲ್ಲ ಎಂಬಲ್ಲಿ ದನಿ ಸಣ್ಣದಾಯಿತು. "ಗಟ್ಟಿಯಾಗಿ," ಎಂದೆ. ನಾವೇ ಒದಗಿಸುತ್ತೇವೆ ಎಂದು ಓದಿದರು. ಅತ್ಯಗತ್ಯ ಸಾಮಗ್ರಿ ಎಂದು ಓದಿದರು. ಒಪ್ಪಿದೆ ಎಂದು ಓದಿದರು.

ಅತ್ತಿಗೆ ಒಂದೊಂದು ಮಾತನ್ನೂ ತಲೆ ಓರೆ ಮಾಡಿಕೊಂಡು ಕೇಳಿದಳು. ಅವಳ ಕುತ್ತಿಗೆಯ ನರ ಉಬ್ಬಿ ನಿಂತಿತ್ತು.

"ಆ ಬಾಟ್ಲಿ ಸುಟ್ಟೋಗಿದ್ದಕ್ಕೆ ನೀವು ದುಡ್ಡು ಕೊಟ್ರಾ?" ಎಂದಳು.

ಮ್ಯಾನೇಜರ್ ತುಟಿ ಒರೆಸಿಕೊಂಡರು. "ಅದು ಪಾಲಿಸಿ ಪ್ರಕಾರ..."

"ಕೊಟ್ರಾ, ಇಲ್ವಾ?"

"ಕೊಟ್ಟಿದೀವಿ."

"ಎಲ್ಲಾ ಬಾಟ್ಲಿಗೂ?"

"ಎಲ್ಲಕ್ಕೂ."

"ಒಂದೂ ಬಿಡದಂಗೆ." ಅತ್ತಿಗೆ ಮೇಜಿನ ಹತ್ತಿರಕ್ಕೆ ಬಂದಳು. "ಆ ಬಾಟ್ಲಿ ಕೊಟ್ಟೋನು ಸಾಹುಕಾರ. ಬಾಯಿಗೆ ಹಾಕ್ಕೊಂಡೋನು ಕುಡುಕ. ಕುಡೀದಿದ್ರೆ ಕೂಲಿ ಇಲ್ಲ, ಕುಡಿದ್ರೆ ವಿಮೆ ಇಲ್ಲ. ನನ್ನ ಗಂಡ ಹೆಂಗೆ ಇಳೀಬೇಕಿತ್ತು ಸಾರ್? ನೀವೇ ಹೇಳ್ಕೊಡಿ. ಓದಿದೋರಲ್ವಾ ನೀವು?"

ಅವಳು ಮ್ಯಾನೇಜರ್ ಕೊಟ್ಟಿದ್ದ ಕಾಗದವನ್ನು ತೆಗೆದು ಅವರ ಮುಂದೆ ಇಟ್ಟಳು. "ನಿಮ್ಮ ಅಯ್ಯೋಪಾಪ ನೀವೇ ಇಟ್ಕೊಳಿ. ಆ ಮಾತು ತೆಗೆದು ಕೊಡೋ ದಿನ ಕೊಡಿ."

"ಇವರ ಹೇಳಿಕೆ ಬರ್ಕೊಳ್ತೀರಾ ಸಾರ್?" ಎಂದು ಕನ್ನಡಕದವರನ್ನು ಕೇಳಿದೆ. ಅವರು ತಲೆ ಎತ್ತಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಅತ್ತಿಗೆ ಅವರನ್ನು ಒಮ್ಮೆ ನೋಡಿ, "ಇರ್ಲಿ ಬಿಡಪ್ಪ, ಇನ್ನೊಬ್ಬರು ಬರ್ತಾರೆ, ಅವರಿಗೂ ಹೇಳ್ತೀನಿ," ಎಂದಳು.

ಸಾಹೇಬರು ಎದ್ದು ನನ್ನ ಪಕ್ಕಕ್ಕೆ ಬಂದರು. ಹಲ್ಲಿನ ಸಂದಿಯಿಂದ ಮಾತಾಡಿದರು. "ನಾಳೆ ಬೆಳಿಗ್ಗೆ ನಿನ್ನ ಸಸ್ಪೆನ್ಷನ್ ಆರ್ಡರ್ ಟೈಪ್ ಆಗುತ್ತೆ. ತಿಳ್ಕೋ."

"ನಾಳೆ ಬೆಳಿಗ್ಗೆನಾ ಸಾರ್?"

"ಹತ್ತು ಗಂಟೆಗೆ."

ಗೋಡೆಯ ಗಡಿಯಾರ ನೋಡಿದೆ. ಮೂರೂವರೆ. ಕಚೇರಿಯ ವೇಳೆ ಮುಗಿಯುವುದು ಐದೂವರೆಗೆ. ನೂರಿಪ್ಪತ್ತು ನಿಮಿಷ. ಹೊರಗೆ ಇಪ್ಪತ್ತೆರಡು ಜನ. ತಲಾ ಐದು ನಿಮಿಷ ಹಿಡಿದರೂ ನೂರ ಹತ್ತು. ನನ್ನ ಮನೆ ನಡೆಯುತ್ತಿದ್ದದ್ದು ಈ ಸಂಬಳದಲ್ಲೇ. ವರದಿಯನ್ನು ರುಜು ಮಾಡದೆ ಮಗುಚಿ ಆಚೆಗೆ ಇಟ್ಟೆ. ಹೇಳಿಕೆ ಬರೆಯುವ ಹಾಳೆ ಎಳೆದುಕೊಂಡು ತಾರೀಖು ಹಾಕಿದೆ.

"ಹಾಗಾದ್ರೆ ಇವತ್ತು ಐದೂವರೆ ತನಕ ನಾನು ಇನ್‌ಸ್ಪೆಕ್ಟರ್ ಸಾರ್. ಸಭೆ ಮುಗಿದಿಲ್ಲ. ಕೂತ್ಕೊಳ್ಳಿ."

ಅತ್ತಿಗೆ ಬಾಗಿಲನ್ನು ಪೂರ್ತಿ ತೆರೆದು, ಮತ್ತೆ ಮುಚ್ಚಿಕೊಳ್ಳದ ಹಾಗೆ ಬೆನ್ನು ಕೊಟ್ಟು ನಿಂತಳು. ಸಾಲಿನ ಮೊದಲಲ್ಲಿದ್ದ ಮುದುಕಿ ಹೊಸ್ತಿಲ ಮೇಲೆ ನಿಂತು ಒಳಗಿನ ನೆಲ ನೋಡಿದಳು, ತನ್ನ ಕಾಲು ನೋಡಿಕೊಂಡಳು, ಚಪ್ಪಲಿ ಬಿಡಲು ಬಗ್ಗಿದಳು.

"ಹಾಕ್ಕೊಂಡೇ ಬಾರಮ್ಮ," ಎಂದೆ.

ಬಂದಳು. ಮೇಜಿನ ಹತ್ತಿರ ಖಾಲಿ ಕುರ್ಚಿ ಇರಲಿಲ್ಲ. ಅವಳು ಗೋಡೆಯ ಬದಿಗೆ ನೆಲದ ಮೇಲೆ ಕೂರಲು ಹೋದಳು.

"ಮ್ಯಾನೇಜರ್ ಸಾರ್, ಏಳಿ," ಎಂದೆ. "ಅವರು ಕೂತ್ಕೋಬೇಕು."